ನೀರು ಇಳಿದ ಮೇಲೂ ಉಳಿಯುವ ಸಂತೋಷ

  ನಾನು ಸರ್ಕಾರಿ ಶಾಲೆಯಲ್ಲಿ ಮೂವತ್ತು ವರ್ಷ ಕನ್ನಡ ಕಲಿಸಿದವಳು. ಈಗ ನಿವೃತ್ತಳು. ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳಲ್ಲಿ ಮನೆಮನೆಗಳಲ್ಲಿ ಸೇರುವ ಸಣ್ಣ ಸಣ್ಣ ಪ್ರಾರ್ಥನಾ ಕೂಟಗಳಿಗೆ ಹೋಗುತ್ತೇನೆ, ಕರೆದರೆ ನಾಲ್ಕು ಮಾತಾಡುತ್ತೇನೆ.

ಇವತ್ತಿನ ವಿಷಯ ಕಷ್ಟ ಮತ್ತು ಸಂತೋಷ. ಕ್ರಿಸ್ತನನ್ನು ನಂಬಿದವರು ಕಷ್ಟದ ನಡುವೆಯೂ ಸಂತೋಷ ಇದೆ ಅಂತ ಹೇಳುತ್ತಾರಲ್ಲ, ಅದು ನಿಜವೋ, ಬರೀ ಸಮಾಧಾನದ ಮಾತೋ? ಹುಕ್ಕೇರಿ ತಾಲ್ಲೂಕಿನ ಒಂದು ಹಳ್ಳಿಯ ಕೂಟದಲ್ಲಿ ಕೂಲಿ ಮಾಡುವ ಒಬ್ಬ ತಾಯಿ ನನ್ನನ್ನು ನೇರವಾಗಿ ಕೇಳಿದರು: "ಅಕ್ಕೋರ, ಸಂತೋಷ ಪಡ್ರಿ ಪಡ್ರಿ ಅಂತ ಎಲ್ಲಾರೂ ಹೇಳ್ತಾರ. ಮಗನ್ನ ಮಣ್ಣು ಮಾಡಿ ಇನ್ನಾ ವರ್ಷ ಆಗಿಲ್ಲ. ನಾ ಏನ್ ನಗಬೇಕನ್ರಿ?" ಆ ತಾಯಿಯ ಮುಂದೆ ನಿಂತು ಹೇಳಲಿಕ್ಕೆ ಆಗದ ಯಾವ ಮಾತನ್ನೂ ನಾನು ಇಲ್ಲಿ ಹೇಳಬಾರದು. ಅಷ್ಟು ಮನಸ್ಸಿನಲ್ಲಿ ಇಟ್ಟುಕೊಂಡು ಮಾತಾಡುತ್ತೇನೆ.

ಮೊದಲು ಶಬ್ದಗಳನ್ನು ನೋಡೋಣ. ಕನ್ನಡದ ಅಕ್ಕೋರು ನಾನು, ಆ ಚಟ ಬಿಡುವುದಿಲ್ಲ. ನಮ್ಮಲ್ಲಿ ಸುಖ ಅಂತ ಒಂದು ಶಬ್ದ ಇದೆ, ಹಿಗ್ಗು ಅಂತ ಇದೆ, ಸಂತೋಷ ಇದೆ, ಆನಂದ ಇದೆ. ಕಬ್ಬಿನ ಬಿಲ್ಲು ಬಂದ ದಿನ ಆಗುವುದು ಹಿಗ್ಗು. ಮಗಳು ಪಾಸಾದಾಗ ಓಣಿಗೆಲ್ಲ ಕರದಂಟು ಹಂಚುತ್ತೇವೆ, ಅದೂ ಹಿಗ್ಗೇ. ಅದರಲ್ಲಿ ತಪ್ಪೇನೂ ಇಲ್ಲ, ಅದೂ ದೇವರು ಕೊಟ್ಟದ್ದೇ. ಆದರೆ ಅದಕ್ಕೆ ಒಂದು ಕಾರಣ ಬೇಕು, ಕಾರಣ ಹೋದರೆ ಅದೂ ಹೋಗುತ್ತದೆ. ನಮ್ಮ ಗೋಕಾಕ ಜಲಪಾತ ನೋಡ್ರಿ. ಮಳೆಗಾಲದಲ್ಲಿ 52 ಮೀಟರ್ ಎತ್ತರದಿಂದ ಘಟಪ್ರಭೆ ಭೋರ್ಗರೆದು ಬೀಳುವಾಗ ತೂಗು ಸೇತುವೆ ಮೇಲೆ ನಿಲ್ಲಲಿಕ್ಕೆ ಜಾಗ ಇರುವುದಿಲ್ಲ. ಏಪ್ರಿಲ್‌ದಾಗ ಬಂದರೆ ಬರೀ ಬಂಡೆ. ಆದರೆ ಅದೇ ಏಪ್ರಿಲ್‌ನಲ್ಲಿ ದಂಡೆಯ ಹೊಲದ ಬಾವಿಯಲ್ಲಿ ನೀರು ಇರುತ್ತದೆ. ಸದ್ದಿಲ್ಲ, ಯಾರೂ ಫೋಟೋ ಹೊಡೆಯುವುದಿಲ್ಲ, ಆದರೆ ದನ ಕುಡಿಯುವುದು ಆ ನೀರನ್ನೇ. ಸತ್ಯವೇದ ಹೇಳುವ ಸಂತೋಷ ಆ ಬಾವಿಯ ಜಾತಿಯದು ಅಂತ ನನಗೆ ಅನ್ನಿಸುತ್ತದೆ.

ಇದನ್ನು ಹೇಳಿದ ಕೂಡಲೇ ಒಂದು ಎಚ್ಚರಿಕೆ ಕೊಡಬೇಕು. ನಮ್ಮ ಭಾಗದಲ್ಲಿ ಉಪದೇಶ ಮಾಡುವವರಿಗೆ ಪ್ರೀತಿಯ ಒಂದು ಉದಾಹರಣೆ ಇದೆ: ಕಬ್ಬನ್ನು ಗಾಣಕ್ಕೆ ಹಾಕಿ ಹಿಂಡಿದರೆ ತಾನೆ ರಸ, ರಸ ಕುದ್ದರೆ ತಾನೆ ಬೆಲ್ಲ, ಹಾಗೆಯೇ ದೇವರು ನಮ್ಮನ್ನು ಹಿಂಡುತ್ತಾನೆ ಅಂತ. ಕೇಳಲಿಕ್ಕೆ ಚೆಂದ. ಆದರೆ ಕಬ್ಬಿಗೆ ನೋವಾಗುವುದಿಲ್ಲ, ಮನುಷ್ಯನಿಗೆ ಆಗುತ್ತದೆ. ಬೆಲ್ಲ ತಿನ್ನುವವನು ಬೇರೆ, ಗಾಣದೊಳಗೆ ಹೋದ ಕಬ್ಬು ಬೇರೆ. ಮಗನನ್ನು ಕಳೆದುಕೊಂಡ ತಾಯಿಗೆ ಈ ಉದಾಹರಣೆ ಹೇಳಿ ನೋಡ್ರಿ, ನಿಮ್ಮ ನಾಲಿಗೆ ನಿಮಗೇ ಭಾರವಾಗುತ್ತದೆ.

ಸತ್ಯವೇದದೊಳಗೆ ಇದನ್ನು ತೋರಿಸುವ ದೊಡ್ಡ ಪುಸ್ತಕವೇ ಇದೆ, ಯೋಬನ ಪುಸ್ತಕ. ಯೋಬ ಒಂದೇ ದಿನದಲ್ಲಿ ಮಕ್ಕಳು, ದನಕರು, ಆಸ್ತಿ ಎಲ್ಲ ಕಳೆದುಕೊಂಡ. ಮೈತುಂಬ ಹುಣ್ಣು. ಅವನ ಮೂವರು ಗೆಳೆಯರು ನೋಡಲಿಕ್ಕೆ ಬಂದರು. ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಕೂತರು, ಒಂದು ಮಾತೂ ಆಡಲಿಲ್ಲ. ಇಡೀ ಪುಸ್ತಕದಲ್ಲಿ ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಎಂಟನೇ ದಿನದಿಂದ ಬಾಯಿ ಬಿಟ್ಟರು ನೋಡ್ರಿ, ನೀನು ಏನೋ ಪಾಪ ಮಾಡಿರಬೇಕು, ಅದಕ್ಕೇ ಹೀಗಾಯಿತು ಅಂತ ವಾದ ಶುರುಮಾಡಿದರು. ಪುಸ್ತಕದ ಕೊನೆಯಲ್ಲಿ ದೇವರು ಸಿಟ್ಟಾಗುವುದು ಅಳುತ್ತಿದ್ದ, ಕೂಗಾಡುತ್ತಿದ್ದ, ಪ್ರಶ್ನೆ ಕೇಳುತ್ತಿದ್ದ ಯೋಬನ ಗೆಳೆಯರ ಮೇಲೆ. ದೇವರ ಪರವಾಗಿ ವಕೀಲಿಕೆ ಮಾಡಿದವರನ್ನು ದೇವರೇ ಒಪ್ಪಲಿಲ್ಲ.

2019ರ ಆಗಸ್ಟ್ ಯಾರಿಗೂ ಮರೆತಿಲ್ಲ. ಮೇಲೆ ಮಳೆ, ಹಿಡಕಲ್ ಡ್ಯಾಮಿನಿಂದ ಬಿಟ್ಟ ನೀರು, ಈ ಕಡೆ ಮಾರ್ಕಂಡೇಯ, ಆ ಕಡೆ ಘಟಪ್ರಭೆ. ಲೋಳಸೂರ ಸೇತುವೆ ಮುಳುಗಿತು, ಗೋಕಾಕದ ಹಳೇ ಊರಿನ ಮನೆಗಳೊಳಗೆ ನೀರು ನಿಂತಿತು. ಸಂಕೇಶ್ವರದ ಹತ್ತಿರ ಹಿರಣ್ಯಕೇಶಿ ಉಕ್ಕಿತು. ಆಗ ಪರಿಹಾರ ಕೇಂದ್ರಗಳಿಗೆ ಎರಡು ಥರದ ಜನ ಬಂದರು. ಒಂದು ಥರದವರು, ಇದು ಜನರ ಪಾಪಕ್ಕೆ ಬಂದ ಶಿಕ್ಷೆ ಅಂತ ಹೇಳಿ ಹೋದರು. ಇನ್ನೊಂದು ಥರದವರು ಊರೂರಿಂದ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬಂದರು. ಯಾವ ದೇವರಿಗೆ ನಡಕೊಳ್ಳುವವರು ಅಂತ ಯಾರೂ ಯಾರನ್ನೂ ಕೇಳಲಿಲ್ಲ. ಯೋಬನ ಗೆಳೆಯರ ಮೊದಲ ಏಳು ದಿನ ಯಾವುದು, ಎಂಟನೇ ದಿನ ಯಾವುದು ಅಂತ ನಾವು ಕಣ್ಣಾರೆ ಕಂಡೆವು.

ಆ ಮಹಾಪೂರದ ಹೊತ್ತಿಗೆ ನಮ್ಮ ಮನೆಯವರು ಹಾಸಿಗೆ ಹಿಡಿದು ಮೂರು ವರ್ಷ ಆಗಿತ್ತು. ಗಿರಣಿಯಲ್ಲಿ ದುಡಿದು ನಿವೃತ್ತರಾದವರು, ಗಟ್ಟಿ ಆಳು, ಭಾನುವಾರ ಸಭೆಯಲ್ಲಿ ಅವರ ಹಾಡಿನ ಧ್ವನಿ ಹೊರಗೆ ರಸ್ತೆಗೆ ಕೇಳುತ್ತಿತ್ತು. 2016ರಲ್ಲಿ ಲಕ್ವಾ ಹೊಡೆಯಿತು. ಬಲಗಡೆ ಕೈಕಾಲು ಹೋಯಿತು, ಮಾತು ಅರ್ಧಕ್ಕರ್ಧ ಹೋಯಿತು. ಹೊರಗಿನಿಂದ ಬಂದ ಒಬ್ಬ ಬೋಧಕರು ತಲೆ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿ, "ನಿಮ್ಮ ವಿಶ್ವಾಸ ಗಟ್ಟಿ ಇದ್ದರೆ ನಲವತ್ತು ದಿವಸದೊಳಗೆ ಎದ್ದು ನಡೀತಾರೆ" ಅಂದರು. ನಲವತ್ತು ದಿನ ಎಣಿಸಿದೆವು. ಅವರು ಏಳಲಿಲ್ಲ. ನಲವತ್ತೊಂದನೇ ದಿನ ಬೆಳಿಗ್ಗೆ ಅವರ ಕಣ್ಣಲ್ಲಿ ಕಂಡದ್ದು ಕಾಯಿಲೆಯ ನೋವಲ್ಲ. ತಮ್ಮ ವಿಶ್ವಾಸ ಸಾಲಲಿಲ್ಲ ಅನ್ನುವ ನಾಚಿಕೆ. ಕಾಯಿಲೆಯವನ ಮೇಲೆ ಇನ್ನೊಂದು ಕಾಯಿಲೆ ಹೇರಿದಂತಾಯಿತು ಅದು.

ಆಮೇಲೆ ಕೆಲವು ತಿಂಗಳು ನನ್ನ ಬಾಯಿಂದ ಪ್ರಾರ್ಥನೆಯ ಮಾತು ಬರಲಿಲ್ಲ. ಆಗ ಸಂಜೆ ಕೀರ್ತನೆಗಳ ಪುಸ್ತಕ ತೆಗೆದು ಸುಮ್ಮನೆ ಓದುತ್ತಿದ್ದೆ, ಅವರಿಗೂ ಕೇಳಲಿ ಅಂತ. ಆಗ ಗಮನಕ್ಕೆ ಬಂತು, ಆ ನೂರೈವತ್ತು ಕೀರ್ತನೆಗಳಲ್ಲಿ ಎಷ್ಟೊಂದು ಕೀರ್ತನೆಗಳು ಬರೀ ಅಳು, ದೂರು, ಜಗಳ. ದೇವರೇ ಎಲ್ಲಿದ್ದೀಯ, ಎಷ್ಟು ದಿನ ಹೀಗೆ ಮುಖ ಮರೆಸಿಕೊಳ್ಳುತ್ತೀಯ ಅಂತ ಕೇಳುವವು. ಅವನ್ನು ಯಾರೂ ಪುಸ್ತಕದಿಂದ ತೆಗೆದು ಹಾಕಲಿಲ್ಲ. ಸಾವಿರಾರು ವರ್ಷಗಳಿಂದ ಜನ ಅವನ್ನೇ ದೇವರ ಮುಂದೆ ಹಾಡುತ್ತಾ ಬಂದಿದ್ದಾರೆ. ಯೇಸುಸ್ವಾಮಿಯೇ ಗೆಳೆಯ ಲಾಜರನ ಸಮಾಧಿ ಮುಂದೆ ಅತ್ತವನು. ಗೆತ್ಸೇಮನೆ ತೋಟದಲ್ಲಿ, ಸಾಧ್ಯವಿದ್ದರೆ ಈ ಕಷ್ಟ ನನ್ನಿಂದ ದೂರವಾಗಲಿ ಅಂತ ತಂದೆಯ ಹತ್ತಿರ ಬೇಡಿಕೊಂಡವನು. ಹಾಗಾದರೆ ಅಳುವುದು ಅವಿಶ್ವಾಸ ಹೇಗಾಗುತ್ತದ್ರಿ? ಹುಕ್ಕೇರಿಯ ಆ ತಾಯಿಗೆ ನಾನು ಕೊಟ್ಟ ಉತ್ತರ ಇಷ್ಟೇ: "ನಗಬ್ಯಾಡವ್ವಾ. ಅಳು. ಅವನ ಮುಂದ ಕುಂತು ಅಳು." ಅಳುವುದಕ್ಕೆ ಒಬ್ಬರು ಇದ್ದಾರೆ ಅನ್ನುವುದೇ ನಾನು ಹೇಳಿದ ಬಾವಿಯ ಮೊದಲ ನೀರು.

ಈಗ ಮಹಾಪೂರದ ಸಂಜೆಗೆ ಬರುತ್ತೇನೆ. ನೀರು ಓಣಿಯಲ್ಲಿ ಮೊಣಕಾಲಿನವರೆಗೆ ಬಂದಾಗ ಎದುರುಮನೆಯ ಅಜ್ಜಿ ಕೂಗಿ ನಾಲ್ಕು ಹುಡುಗರನ್ನು ಕಳಿಸಿದರು. ಆ ಅಜ್ಜಿ ಲಿಂಗಾಯತರು, ದಿನಾ ಲಿಂಗಪೂಜೆ ಮಾಡುವವರು. ಮೂರು ವರ್ಷದಿಂದ ದಿನಕ್ಕೆ ಎರಡು ಸಲ ನಮ್ಮ ಮನೆಗೆ ಬಂದು, "ಏಳ್ರಿ ಅಕ್ಕೋರ, ನಾ ಈ ಕಡೆ ಹಿಡೀತೀನಿ, ನೀವು ಆ ಕಡೆ ಹಿಡೀರಿ" ಅಂತ, ಬೆನ್ನಿಗೆ ಹುಣ್ಣಾಗಬಾರದೆಂದು ನಮ್ಮವರನ್ನು ಮಗ್ಗುಲು ಹೊರಳಿಸಲಿಕ್ಕೆ ಕೈಗೂಡಿಸುತ್ತಿದ್ದರು. ಹುಡುಗರು ಬಂದರು. ಅವರಲ್ಲಿ ಇಬ್ಬರು ಮುಸ್ಲಿಂ ಹುಡುಗರು, ನನ್ನ ಹತ್ತಿರವೇ ಕನ್ನಡ ಕಲಿತವರು. ನಮ್ಮವರನ್ನು ಹೊರಸಿನ ಸಮೇತ ಹೆಗಲ ಮೇಲೆ ಎತ್ತಿಕೊಂಡು, ಸೊಂಟದವರೆಗಿನ ನೀರಿನಲ್ಲಿ ನಡೆದು ಎತ್ತರದ ಜಾಗಕ್ಕೆ ತಂದು ಇಳಿಸಿದರು. ನಾಲ್ಕು ಮಂದಿ ಹೊತ್ತ ಹೊರಸು. ಮಾರ್ಕನ ಸುವಾರ್ತೆಯಲ್ಲಿ ಇಂಥದೇ ಒಂದು ಸಂಗತಿ ಇದೆ. ಪಾರ್ಶ್ವವಾಯು ರೋಗಿಯನ್ನು ನಾಲ್ಕು ಜನ ಹೊತ್ತು ತಂದು, ಜನಸಂದಣಿಯಲ್ಲಿ ದಾರಿ ಸಿಗದೆ, ಮಾಳಿಗೆ ತೆಗೆದು ಯೇಸುವಿನ ಮುಂದೆ ಇಳಿಸುತ್ತಾರೆ. ಅವನು ಎದ್ದು ತನ್ನ ಹಾಸಿಗೆ ಎತ್ತಿಕೊಂಡು ಹೋದ. ನಮ್ಮವರು ಏಳಲಿಲ್ಲ. ಆದರೆ ಆ ಹೊರಸಿನ ಮೇಲೆ ಮಲಗಿ, ಮಳೆಯಲ್ಲಿ ತೊಯ್ದು, ಆ ಅರ್ಧ ಬಾಯಿಯಿಂದ ಅವರು ನಕ್ಕರು. ಮೂರು ವರ್ಷದಲ್ಲಿ ಮೊದಲ ಸಲ ಗಟ್ಟಿಯಾಗಿ ನಕ್ಕರು. ಎಡಗೈ ಎತ್ತಿ ನಾಲ್ಕು ಬೆರಳು ತೋರಿಸಿದರು. ನನಗೆ ಅರ್ಥವಾಯಿತು, ಹೊತ್ತ ಹುಡುಗರಿಗೆ ಆಗಲಿಲ್ಲ.

ಮನೆ ಮುಳುಗಿದೆ, ಕೈಕಾಲು ಬಂದಿಲ್ಲ, ನಾಳೆ ಊಟಕ್ಕೆ ಏನು ಅಂತ ಗೊತ್ತಿಲ್ಲ. ಹಾಗಾದರೆ ಆ ನಗು ಎಲ್ಲಿಂದ ಬಂತು? ಇದನ್ನು ನಾನು ಬಹಳ ಯೋಚನೆ ಮಾಡಿದ್ದೇನೆ. ಗುಣ ಆಗಿದ್ದಕ್ಕೆ ಬಂದ ನಗು ಅಲ್ಲ ಅದು. ತನ್ನನ್ನು ಬಿಟ್ಟುಹೋಗಿಲ್ಲ ಅಂತ ತಿಳಿದದ್ದಕ್ಕೆ ಬಂದದ್ದು.

ಇದರ ಹಿಂದಿನ ತಿಳಿವಳಿಕೆಯನ್ನು ಒಬ್ಬ ಡಾಕ್ಟರ ಮೂಲಕ ಹೇಳುತ್ತೇನೆ. ಪಾಲ್ ಬ್ರ್ಯಾಂಡ್ ಅಂತ. 1914ರಲ್ಲಿ ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ ಮಿಷನರಿ ದಂಪತಿಗೆ ಹುಟ್ಟಿದವರು. ಅವರು ಇಂಗ್ಲೆಂಡಿನಲ್ಲಿ ಓದುತ್ತಿದ್ದಾಗ ತಂದೆ ಇಲ್ಲಿಯೇ ಜ್ವರದಿಂದ ತೀರಿಕೊಂಡರು. ಆದರೂ 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ವಾಪಸ್ ಬಂದು ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡತೊಡಗಿದರು. ಆಗೆಲ್ಲ ಕುಷ್ಠ ಬೆರಳನ್ನು ತಿಂದು ಹಾಕುತ್ತದೆ ಅಂತ ಜನ ತಿಳಿದಿದ್ದರು. ಬ್ರ್ಯಾಂಡ್ ತೋರಿಸಿಕೊಟ್ಟದ್ದು ಬೇರೆ. ರೋಗ ನರಗಳನ್ನು ಕೆಡಿಸುತ್ತದೆ, ನೋವು ಗೊತ್ತಾಗುವುದಿಲ್ಲ. ನೋವು ಗೊತ್ತಾಗದ್ದರಿಂದ ಬಿಸಿ ಪಾತ್ರೆ ಹಿಡಿದರೂ ಕೈ ಹಿಂದಕ್ಕೆ ಬರುವುದಿಲ್ಲ, ಕಾಲಿಗೆ ಮೊಳೆ ಚುಚ್ಚಿದರೂ ನಡೆಯುತ್ತಲೇ ಇರುತ್ತಾರೆ. ಗಾಯದ ಮೇಲೆ ಗಾಯವಾಗಿ ಬೆರಳು ಸವೆಯುತ್ತವೆ. ನೋವು ಇಲ್ಲದಿರುವುದೇ ಅವರ ದೊಡ್ಡ ಕಷ್ಟ. ಈಗ ಕುಷ್ಠಕ್ಕೆ ಔಷಧಿ ಇದೆ, ಗುಣವಾಗುತ್ತದೆ. ಆದರೆ ಬ್ರ್ಯಾಂಡ್ ಕಲಿಸಿದ ಪಾಠ ಹಾಗೇ ಉಳಿದಿದೆ.

ಅಪೊಸ್ತಲ ಪೌಲ ಕೊರಿಂಥದವರಿಗೆ ಬರೆದ ಪತ್ರಿಕೆಯಲ್ಲಿ ಸಭೆಯನ್ನು ಒಂದು ದೇಹಕ್ಕೆ ಹೋಲಿಸುತ್ತಾನೆ. ಒಂದು ಅಂಗಕ್ಕೆ ನೋವಾದರೆ ಉಳಿದ ಅಂಗಗಳಿಗೂ ನೋವು, ಒಂದಕ್ಕೆ ಮಾನ ಬಂದರೆ ಎಲ್ಲಕ್ಕೂ ಸಂತೋಷ ಅನ್ನುವ ಅರ್ಥದಲ್ಲಿ. ಗಮನಿಸಿ, ನೋವು ಮತ್ತು ಸಂತೋಷ ಎರಡೂ ಒಂದೇ ನರದಲ್ಲಿ ಹರಿಯುತ್ತವೆ. ಪಕ್ಕದ ಮನೆಯ ನೋವು ನಮಗೆ ಗೊತ್ತಾಗದಂತೆ ಬಾಗಿಲು ಹಾಕಿಕೊಂಡರೆ, ಅವರ ಸಂತೋಷವೂ ನಮಗೆ ಬರುವುದಿಲ್ಲ. ಆ ಅಜ್ಜಿಗೆ ನಮ್ಮ ನೋವು ತಟ್ಟುತ್ತಿತ್ತು. ಅದಕ್ಕೇ ಆ ಹೊರಸಿನ ಮೇಲಿನ ನಗು ನೋಡಿ ಅತ್ತವರಲ್ಲಿ ಅವರೇ ಮೊದಲಿಗರು.

ಅದೇ ಪೌಲನ ಇನ್ನೊಂದು ಪತ್ರಿಕೆ ಫಿಲಿಪ್ಪಿಯವರಿಗೆ ಬರೆದದ್ದು. ನಾಲ್ಕೇ ಅಧ್ಯಾಯ. ಸಂತೋಷ, ಸಂತೋಷಪಡಿ ಅನ್ನುವ ಮಾತು ಮತ್ತೆ ಮತ್ತೆ ಬರುತ್ತದೆ. ಬರೆದದ್ದು ಸೆರೆಮನೆಯಿಂದ. ಮುಂದೆ ಬಿಡುಗಡೆಯೋ ಮರಣವೋ ಅವನಿಗೇ ಗೊತ್ತಿಲ್ಲ. ಮೈಯಲ್ಲಿ ಒಂದು ಮುಳ್ಳು ಇದೆ, ಅದನ್ನು ತೆಗೆ ಅಂತ ಮೂರು ಸಲ ಬೇಡಿಕೊಂಡೆ ಅಂತಲೂ ಅವನು ಬೇರೆ ಕಡೆ ಬರೆದುಕೊಂಡಿದ್ದಾನೆ. ಮುಳ್ಳು ಹೋಗಲಿಲ್ಲ, ಕೃಪೆ ಸಾಕು ಅನ್ನುವ ಉತ್ತರ ಬಂತು. ಪೌಲನಿಗೆ ವಿಶ್ವಾಸ ಕಡಿಮೆ ಇತ್ತು ಅಂತ ಹೇಳುವ ಧೈರ್ಯ ಯಾವ ಬೋಧಕರಿಗಾದರೂ ಇದೆಯಾ?

ನಮ್ಮ ನಾಡಿನದೇ ಒಂದು ಸಂಗತಿ ಹೇಳಬೇಕು. ಫರ್ಡಿನಾಂಡ್ ಕಿಟೆಲ್ ಹೆಸರು ಕನ್ನಡ ಓದಿದ ಎಲ್ಲರಿಗೂ ಗೊತ್ತು. 1853ರಲ್ಲಿ, ಇಪ್ಪತ್ತೊಂದನೇ ವಯಸ್ಸಿಗೆ, ಬಾಸೆಲ್ ಮಿಷನ್ ಕೆಲಸಕ್ಕೆ ಬಂದವರು, ನಮ್ಮ ಧಾರವಾಡ ಸೀಮೆಯಲ್ಲಿ ಕನ್ನಡ ಕಲಿತವರು. ಮದುವೆಯಾದ ಕೆಲವೇ ವರ್ಷಗಳಲ್ಲಿ ಹೆಂಡತಿ ಪೌಲೀನ ಇಲ್ಲಿಯೇ ತೀರಿಕೊಂಡರು. ದೂರದ ದೇಶ, ಕೈಯಲ್ಲಿ ಎಳೆ ಮಕ್ಕಳು. ಅವರು ಮತಾಂತರಕ್ಕೆ ಬಂದವರು ಅಂತ ಕೆಲವರು ಅನ್ನಬಹುದು, ಆ ಚರ್ಚೆ ಇರಲಿ. ನಾನು ನೋಡುವುದು ಆ ಮನುಷ್ಯ ದುಃಖವನ್ನು ಎತ್ತ ಒಯ್ದರು ಅನ್ನುವುದನ್ನು. ಕನ್ನಡದ ಶಬ್ದಗಳನ್ನು ಒಂದೊಂದಾಗಿ ಆರಿಸುತ್ತಾ ಹೋದರು. ಹಳ್ಳಿಯವರು, ರೈತರು, ಪಂಡಿತರು, ಹಳೆಯ ಕಾವ್ಯ, ಶಾಸನ, ಯಾವುದನ್ನೂ ಬಿಡಲಿಲ್ಲ. 1894ರಲ್ಲಿ ಸುಮಾರು 70,000 ಶಬ್ದಗಳ ಕನ್ನಡ–ಇಂಗ್ಲಿಷ್ ನಿಘಂಟು ಹೊರಗೆ ಬಂತು. ಬಂದು ನಲವತ್ತೊಂದು ವರ್ಷಕ್ಕೆ. ಇವತ್ತಿಗೂ ನನ್ನಂಥ ಅಕ್ಕೋರು ಅದನ್ನು ತೆರೆದು ನೋಡುತ್ತೇವೆ. ಅವರ ದುಃಖಕ್ಕೆ ಉತ್ತರ ಸಿಕ್ಕಿತೋ ಇಲ್ಲವೋ, ನಮಗೆ ಶಬ್ದ ಸಿಕ್ಕಿತು.

ದೊಡ್ಡವರ ಮಾತಾಯಿತು ಅನ್ನಬೇಡಿ. ಮೂಡಲಗಿ ಕಡೆಯ ಒಬ್ಬ ರೈತರ ಮನೆಯಲ್ಲೂ ನಾನು ಇದನ್ನೇ ಕಂಡೆ. ಹೆಂಡತಿಯ ಆಪರೇಷನ್‌ಗೆ ಅಂತ ಹಾಲು ಕೊಡುವ ಎಮ್ಮೆಯನ್ನು ದನದ ಪೇಟೆಯಲ್ಲಿ ಮಾರಿದರು. ಆ ಹೆಣ್ಣುಮಗಳು ಉಳಿಯಲಿಲ್ಲ. ಆ ಮನುಷ್ಯ ಈಗ ಬೆಳಿಗ್ಗೆ ಸರ್ಕಾರಿ ದವಾಖಾನೆಗೆ ದಿಕ್ಕಿಲ್ಲದೆ ಬಂದ ರೋಗಿಗಳ ಜೊತೆ ಚೀಟಿ ಮಾಡಿಸಲಿಕ್ಕೆ ಪಾಳಿಯಲ್ಲಿ ನಿಲ್ಲುತ್ತಾರೆ. ಯಾಕೆ ಅಂತ ಕೇಳಿದರೆ, "ಅಲ್ಲಿ ನಿಂತಾಗ ಅಕಿ ನನ್ನ ಜೋಡಿ ಇದ್ದಂಗ ಅನಸ್ತದರಿ" ಅಂದರು. ಆಗ ಅವರ ಮುಖದಲ್ಲಿ ಕಂಡದ್ದಕ್ಕೆ ಸಂತೋಷ ಅನ್ನುವ ಶಬ್ದ ಬಿಟ್ಟು ಬೇರೆ ಶಬ್ದ ನನ್ನ ಹತ್ತಿರ ಇಲ್ಲ.

ಈಗ ಬಹಳ ಮುಖ್ಯವಾದ ಒಂದು ಮಾತು, ಇದನ್ನು ದಯವಿಟ್ಟು ಪೂರ್ತಿ ಕೇಳಿ. ಕಷ್ಟದಲ್ಲಿ ಸಂತೋಷ ಸಿಗುತ್ತದೆ ಅಂದರೆ ಕಷ್ಟ ಒಳ್ಳೆಯದು ಅಂತ ಅರ್ಥ ಅಲ್ಲ. ಕಷ್ಟವನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಗಂಡ ಕುಡಿದು ಬಂದು ಹೊಡೆಯುವ ಮನೆಯಲ್ಲಿ ಹೆಣ್ಣುಮಗಳಿಗೆ, "ಇದು ನಿನ್ನ ಶಿಲುಬೆ, ಹೊತ್ತುಕೋ" ಅಂತ ಹೇಳುವವರು ಯೇಸುವಿನ ಶಿಲುಬೆಗೆ ಅವಮಾನ ಮಾಡುತ್ತಾರೆ. ಆ ತಂಗಿ ಮನೆಯಿಂದ ಹೊರಗೆ ಬರಬೇಕು, ನಾವು ಬಾಗಿಲು ತೆರೆಯಬೇಕು. ಮನೆ ಮುಳುಗಿದವರು ಪರಿಹಾರ ಕೇಳಬೇಕು, ಅರ್ಜಿ ಹಾಕಬೇಕು, ಕಚೇರಿಗೆ ಓಡಾಡಬೇಕು. ದೇವರಲ್ಲಿ ಸಂತೋಷಪಡುವವರು ನ್ಯಾಯ ಕೇಳಬಾರದು ಅಂತ ಎಲ್ಲಿಯೂ ಬರೆದಿಲ್ಲ. ಮನಸ್ಸು ಕುಗ್ಗಿ, ನಿದ್ದೆ ಹೋಗಿ, ಬದುಕುವುದೇ ಬೇಡ ಅನ್ನಿಸುತ್ತಿದ್ದರೆ ಪ್ರಾರ್ಥನೆಯ ಜೊತೆಗೆ ಡಾಕ್ಟರ ಹತ್ತಿರ ಹೋಗಿ. 14416 ಅಂತ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ, ದುಡ್ಡು ಹತ್ತುವುದಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಸಾಲದ ಭಾರ ಹೊತ್ತ ರೈತ ಅಣ್ಣತಮ್ಮಂದಿರಿಗೆ ವಿಶೇಷವಾಗಿ ಹೇಳುತ್ತಿದ್ದೇನೆ. ಔಷಧಿ ತೆಗೆದುಕೊಂಡರೆ ವಿಶ್ವಾಸ ಕಡಿಮೆ ಆಯಿತು ಅಂತ ಯಾರಾದರೂ ಅಂದರೆ ಅವರ ಮಾತು ಕಿವಿಗೆ ಹಾಕಿಕೊಳ್ಳಬೇಡಿ.

ಹಾಗಾದರೆ ಏನು ಮಾಡಬೇಕು? ನನ್ನ ಹತ್ತಿರ ದೊಡ್ಡ ಸೂತ್ರ ಇಲ್ಲ. ಆ ಆರು ವರ್ಷದಲ್ಲಿ ನಮ್ಮನ್ನು ಹಿಡಿದು ನಿಲ್ಲಿಸಿದ್ದನ್ನು ಹೇಳುತ್ತೇನೆ. ಅಳು ಬಂದಾಗ ಅದನ್ನು ದೇವರಿಂದ ಮುಚ್ಚಿಡಲಿಲ್ಲ. ಯಾರಾದರೂ ಸಹಾಯಕ್ಕೆ ಬಂದರೆ, ಬೇಡ್ರಿ, ನಾವೇ ನೋಡಿಕೊಳ್ಳುತ್ತೇವೆ ಅಂತ ಮಾನಕ್ಕೆ ಬಿದ್ದು ಕಳಿಸಲಿಲ್ಲ. ಬೆಳಿಗ್ಗೆ ಮೈ ಒರೆಸುವುದು, ಗಂಜಿ ಕುಡಿಸುವುದು, ಸಂಜೆ ಒಂದು ಕೀರ್ತನೆ, ಇಷ್ಟು ಸಣ್ಣ ಕೆಲಸಗಳನ್ನು ಪ್ರಾರ್ಥನೆ ಅಂತಲೇ ಮಾಡಿದೆವು. ರಾತ್ರಿ ಮಲಗುವಾಗ ಆ ದಿನದ ಒಂದು ಒಳ್ಳೆಯ ಸಂಗತಿಯನ್ನು ಅವರು ಎಡಗೈ ಸನ್ನೆಯಲ್ಲಿ ಹೇಳಬೇಕು, ನಾನು ಅದು ಏನು ಅಂತ ಗುರುತಿಸಬೇಕು. ಕೆಲವು ದಿನ ಏನೂ ಇರುತ್ತಿರಲಿಲ್ಲ. ಆಗ ಅವರು ಎದುರುಮನೆ ಕಡೆ ಕೈ ತೋರಿಸುತ್ತಿದ್ದರು.

2022ರಲ್ಲಿ ಅವರು ಹೋದರು. ಗುಣವಾಗಲಿಲ್ಲ. ಪುನರುತ್ಥಾನದ ನಿರೀಕ್ಷೆ ನನಗೆ ಇದೆ, ಅವರನ್ನು ಮತ್ತೆ ನೋಡುತ್ತೇನೆ ಅಂತ ನಂಬಿದ್ದೇನೆ. ಆದರೆ ಆ ನಿರೀಕ್ಷೆ ಇವತ್ತಿನ ಖಾಲಿ ಹೊರಸನ್ನು ತುಂಬುವುದಿಲ್ಲ. ತುಂಬುತ್ತದೆ ಅಂತ ಹೇಳಿದರೆ ಸುಳ್ಳಾಗುತ್ತದೆ.

ಕೊನೆಗೆ ಒಂದು ಮಾತು. ಯೋಹಾನನ ಸುವಾರ್ತೆಯಲ್ಲಿ, ಮೂರನೇ ದಿನ ಎದ್ದುಬಂದ ಯೇಸು ಬಾಗಿಲು ಹಾಕಿಕೊಂಡು ಹೆದರಿ ಕೂತ ಶಿಷ್ಯರ ನಡುವೆ ಬಂದು ನಿಲ್ಲುತ್ತಾನೆ. ಬಂದವನು ತನ್ನ ಕೈಗಳನ್ನೂ ಪಕ್ಕೆಯನ್ನೂ ತೋರಿಸುತ್ತಾನೆ. ಮೊಳೆಯ ಗುರುತು, ಈಟಿಯ ಗುರುತು. ಅದನ್ನು ಕಂಡು ಶಿಷ್ಯರು ಸಂತೋಷಪಟ್ಟರು. ಮರಣವನ್ನು ಗೆದ್ದು ಬಂದ ದೇಹದಲ್ಲಿ ಗಾಯದ ಗುರುತು ಯಾಕೆ ಉಳಿಯಿತು? ಅಳಿಸಿಬಿಡಬಹುದಿತ್ತಲ್ಲ. ಅಳಿಸಲಿಲ್ಲ. ಆ ಗುರುತಿನಿಂದಲೇ, ಇವನು ಅವನೇ, ನಮ್ಮ ಜೊತೆ ಇದ್ದವನೇ ಅಂತ ಅವರಿಗೆ ಗೊತ್ತಾಯಿತು. ನಮ್ಮ ಹಳೇ ಗೋಕಾಕದ ಮನೆಗಳಲ್ಲಿ ಗೋಡೆಯ ಮೇಲೆ ನೀರು ನಿಂತ ಗೆರೆ ಇನ್ನೂ ಇದೆ, ಸುಣ್ಣ ಹೊಡೆದರೂ ಮತ್ತೆ ಕಾಣುತ್ತದೆ. ಆ ಗೋಡೆಗೇ ಒರಗಿ ಕೂತು ಇವತ್ತು ಮಕ್ಕಳು ಓದುತ್ತಾರೆ, ಮದುವೆ ಮಾತುಕತೆ ನಡೆಯುತ್ತವೆ, ಹಬ್ಬಕ್ಕೆ ಹೋಳಿಗೆ ಆಗುತ್ತದೆ. ಗೆರೆ ಅಳಿಸಿದ ಮೇಲೆ ಹಬ್ಬ ಮಾಡೋಣ ಅಂತ ಯಾರೂ ಕಾಯಲಿಲ್ಲ.

ನಿಮ್ಮ ಓಣಿಯಲ್ಲಿ ಕಷ್ಟದಲ್ಲಿರುವ ಒಂದು ಮನೆ ಇರುತ್ತದೆ, ನಿಮಗೆ ಗೊತ್ತಿರುತ್ತದೆ. ಇವತ್ತು ಸಂಜೆ ಅಲ್ಲಿಗೆ ಹೋಗ್ರಿ. ಉಪದೇಶ ಬೇಡ, ಸುಮ್ಮನೆ ಹತ್ತು ನಿಮಿಷ ಕುಂದರ್ರಿ. ಹೋಗುವಾಗ ನಾಲ್ಕು ರೊಟ್ಟಿ ತಗೊಂಡು ಹೋದರೆ ಇನ್ನೂ ಚಲೋ.  ದೇವರು ನಿಮ್ಮನ್ನೆಲ್ಲ ಆಶೀರ್ವದಿಸಲಿ.